ಗೇರ್ ಬೀಳದ ಪಿಕಪ್ ಗಾಡಿ: ಗೇರ್‌ಬಾಕ್ಸ್ ಬಿಚ್ಚುವ ಮೊದಲು



ಬೀಜದ ಕಬ್ಬು, ಗೊಬ್ಬರ, ಹಿಂಡಿ ಸಾಗಿಸಲು ನಮ್ಮ ಭಾಗದ ಅನೇಕರು ಹಳೆಯ ಪಿಕಪ್ ಗಾಡಿ ಇಟ್ಟುಕೊಂಡಿರುತ್ತಾರೆ. ಜುಲೈ-ಆಗಸ್ಟ್‌ನ ಅಡಸಾಲಿ ನಾಟಿಯ ಕಾಲಕ್ಕೆ ಗಾಡಿ ಕೆಟ್ಟು ನಿಂತರೆ, ಕಡಿದ ಬೀಜದ ಕಬ್ಬು ಒಣಗಿ ಕಣ್ಣುಗಳ ಮೊಳಕೆ ಶಕ್ತಿ ಕುಂದುತ್ತದೆ. ಗೇರ್ ಬೀಳದಾದ ಕೂಡಲೆ ಗೇರ್‌ಬಾಕ್ಸೇ ಹೋಯಿತೆಂದು ಬಗೆದು, ಅಕ್ಕಲಕೋಟದಿಂದ ಸುಮಾರು ೪೦ ಕಿ.ಮೀ. ದೂರದ ಸೊಲ್ಲಾಪುರದವರೆಗೆ ಗಾಡಿಯನ್ನು ಎಳೆಸಿಕೊಂಡು ಹೋಗುವುದುಂಟು. ಆದರೆ ಎಷ್ಟೋ ಸಲ ದೋಷ ಇರುವುದು ಕ್ಲಚ್ಚಿನಲ್ಲಿ. ಆದ್ದರಿಂದ ಮೊದಲು ಈ ಪರೀಕ್ಷೆಗಳನ್ನು ಮಾಡಿರಿ.

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗಳ ಹಿಂದೆ-ಮುಂದೆ ಕಲ್ಲು ಕೊಡಿರಿ. ಗಾಡಿಯ ಎದುರಿಗಾಗಲಿ ಹಿಂದಾಗಲಿ ಯಾರೂ ನಿಲ್ಲಬಾರದು.

೧. ಎಂಜಿನ್ ನಿಲ್ಲಿಸಿ, ಕ್ಲಚ್ ತುಳಿದು, ಒಂದೊಂದೇ ಗೇರ್ ಹಾಕಿ ನೋಡಿರಿ. ಈಗ ಸಲೀಸಾಗಿ ಬಿದ್ದು, ಎಂಜಿನ್ ಚಾಲೂ ಇದ್ದಾಗ ಮಾತ್ರ ಬೀಳದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲವೆಂದು ತಿಳಿಯಬೇಕು. ಈಗಲೂ ಬಿಗಿಯಾಗಿದ್ದರೆ ಗೇರ್ ಲಿವರಿನ ಬುಷ್, ರಾಡ್ ಅಥವಾ ಕೇಬಲ್‌ಗಳನ್ನು ಮೊದಲು ನೋಡಿಸಿರಿ.

೨. ಎಂಜಿನ್ ನಿಧಾನವಾಗಿ ನಡೆಯುತ್ತಿರಲಿ. ಕ್ಲಚ್ ಪೂರ್ತಿ ತುಳಿದು, ಐದಾರು ಸೆಕೆಂಡು ತಡೆದು ರಿವರ್ಸ್ ಹಾಕಿರಿ. 'ಕರ್ರ್' ಎಂದರೆ ಕ್ಲಚ್ಚಿನದೇ ದೋಷ. ಪೆಡಲನ್ನು ಎರಡು-ಮೂರು ಸಲ ತುಳಿದ ಮೇಲೆ ಗೇರ್ ಬಿದ್ದರೆ, ಎಣ್ಣೆಯಿಂದ ನಡೆಯುವ ಕ್ಲಚ್ಚಿನಲ್ಲಿ ಗಾಳಿ ಸೇರಿದೆ ಇಲ್ಲವೆ ಸಿಲಿಂಡರ್ ಸೋರುತ್ತಿದೆ. ಕೇಬಲ್ ಕ್ಲಚ್ ಆಗಿದ್ದರೆ ಕೇಬಲ್ ಬಿಗಿ ಮಾಡಿಸಿದರೆ ಸಾಕಾಗಬಹುದು.

೩. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ ಎಂದರೆ ಕ್ಲಚ್ ಪ್ಲೇಟ್ ಸವೆದಿರಬಹುದು. ನಿಂತಲ್ಲಿಯೇ ಮೂರನೆಯ ಗೇರ್ ಹಾಕಿ ಕ್ಲಚ್ಚನ್ನು ಮೆಲ್ಲಗೆ ಬಿಡಿರಿ. ಎಂಜಿನ್ ಬಂದ್ ಬೀಳಬೇಕು. ನಡೆಯುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ. ಈ ಪರೀಕ್ಷೆ ಒಂದೇ ಸಲ ಸಾಕು.

೪. ಓಡುವಾಗ ಒಂದೇ ಗೇರ್ ಕಿರುಗುಟ್ಟಿ, ಉಳಿದವು ಸರಿಯಾಗಿ ಬೀಳುತ್ತಿದ್ದರೆ ಆ ಗೇರಿನ ಸಿಂಕ್ರೊ ರಿಂಗ್ ಸವೆದಿದೆ. ಎರಡು ಗೇರ್‌ಗಳ ವೇಗವನ್ನು ಹೊಂದಿಸುವ ಈ ಸಾಧನ ಮೊದಲು ಬಂದದ್ದು ೧೯೨೮ರಲ್ಲಿ, ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ. ಇದಕ್ಕೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಲೇಬೇಕು.

೫. ನ್ಯೂಟ್ರಲ್‌ನಲ್ಲಿ ಬರುವ ಸದ್ದು ಕ್ಲಚ್ ತುಳಿದಾಗ ನಿಂತರೆ ಗೇರ್‌ಬಾಕ್ಸಿನ ಬೇರಿಂಗ್ ನೋಡಿಸಿರಿ. ತುಳಿದಾಗಲೇ ಸದ್ದು ಹುಟ್ಟಿದರೆ ಅದು ಕ್ಲಚ್ಚಿನ ರಿಲೀಸ್ ಬೇರಿಂಗ್.

೬. ಗೇರ್ ಎಣ್ಣೆಯ ಮಟ್ಟ ಪರೀಕ್ಷಿಸಿರಿ. ಎಣ್ಣೆಯಲ್ಲಿ ಹಿತ್ತಾಳೆಯ ಪುಡಿ ಹೊಳೆದರೆ ಸಿಂಕ್ರೊ ರಿಂಗ್ ಸವೆಯುತ್ತಿದೆ. ಉಕ್ಕಿನ ಚೂರು ಕಂಡರೆ ಗಾಡಿ ಓಡಿಸಬೇಡಿರಿ. ಡಿಫರೆನ್ಶಿಯಲ್ಲಿಗೆ ಹಾಕುವ ಎಣ್ಣೆಯನ್ನೇ ಗೇರ್‌ಬಾಕ್ಸಿಗೂ ಸುರಿಯಬಾರದು. ಕೆಲವು ಎಣ್ಣೆಗಳು ಹಿತ್ತಾಳೆಯನ್ನು ಕೆಡಿಸುತ್ತವೆ. ಗಾಡಿಯ ಪುಸ್ತಕದಲ್ಲಿ ಹೇಳಿದ ಎಣ್ಣೆಯನ್ನೇ ಬಳಸಿರಿ.

ಓಡುವಾಗ ಗೇರ್ ತಾನಾಗಿಯೇ ನ್ಯೂಟ್ರಲ್‌ಗೆ ಬರುವುದನ್ನು ಮಾತ್ರ ಅಲಕ್ಷಿಸಲೇಬಾರದು. ಗೇರ್ ಫೋರ್ಕ್ ಅಥವಾ ಸ್ಪ್ರಿಂಗ್ ಸವೆದಿರಬಹುದು, ಗೇರ್‌ಬಾಕ್ಸಿನ ರಬ್ಬರ್ ಮೌಂಟಿಂಗ್ ಮುರಿದಿರಬಹುದು. ಹೇರು ತುಂಬಿದ ಗಾಡಿ ಇಳಿಜಾರಿನಲ್ಲಿದ್ದಾಗ ಗೇರ್ ಬಿಟ್ಟರೆ ಎಂಜಿನ್ನಿನ ತಡೆ ತಪ್ಪಿ, ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಹಿಡಿಯದಾದರೆ ಹೋಗುವುದು ಜೀವ. ಲಿವರನ್ನು ಕೈಯಲ್ಲಿ ಒತ್ತಿ ಹಿಡಿದು ಓಡಿಸುವುದು ಉಪಾಯವಲ್ಲ. ದುರಸ್ತಿಯಾಗುವವರೆಗೆ ಆ ಗಾಡಿಯಲ್ಲಿ ಹೇರು ಹಾಕಬೇಡಿರಿ, ಆಳುಗಳನ್ನು ಕೂಡಿಸಬೇಡಿರಿ.

ಮೈಂದರ್ಗಿ, ದುಧನಿ ಕಡೆಯ ಎರೆಮಣ್ಣಿನಲ್ಲಿ ಮಳೆಯಾದಾಗ ಗಾಡಿ ಹೂಳುತ್ತದೆ. ಆಗ ಅರ್ಧ ಕ್ಲಚ್ಚಿನಲ್ಲಿ ಎಂಜಿನ್ ಕೂಗಿಸುವುದರಿಂದ ಪ್ಲೇಟ್ ಸುಡುತ್ತದೆಯೇ ಹೊರತು ಗಾಡಿ ಮೇಲೇಳದು. ಹೇರು ಇಳಿಸಿ, ಗಾಲಿಗೆ ಕಬ್ಬಿನ ರವದಿ ಹಾಕಿ, ಟ್ರ್ಯಾಕ್ಟರಿನಿಂದ ಎಳೆಸಿರಿ.

ಪರೀಕ್ಷೆಗಳಲ್ಲಿ ಕಂಡದ್ದನ್ನು ಒಂದು ಚೀಟಿಯಲ್ಲಿ ಬರೆದು ಮಿಸ್ತ್ರಿಗೆ ಕೊಡಿರಿ. ಯಾವ ಗೇರ್, ಎಂಜಿನ್ ಬಿಸಿಯೋ ತಂಪೋ, ಹೇರು ಇತ್ತೋ ಇಲ್ಲವೋ ಎಂಬುದು ತಿಳಿದರೆ ಅವನ ಅರ್ಧ ಕೆಲಸ ಮುಗಿದಂತೆ, ನಿಮ್ಮ ಖರ್ಚೂ ಉಳಿದಂತೆ.