ಬಿಡಿಭಾಗದ ಬೆಲೆ, ಬಿಚ್ಚುವ ಬೆಲೆ

ಹಳೇ ಯೆಜ್ಡಿ ಎಂಜಿನ್ನನ್ನು ಮನೆಯಲ್ಲೇ ಕೂರಿಸಿದರೆ ಎಷ್ಟು ಉಳಿಯುತ್ತದೆ ಅಂತ ಆಗಾಗ ಯಾರಾದರೂ ಕೇಳುತ್ತಾರೆ. ನನ್ನ ಉತ್ತರ ಅವರಿಗೆ ಅಷ್ಟು ರುಚಿಸುವುದಿಲ್ಲ. ಮಜೂರಿ ಉಳಿಯುತ್ತದೆ, ಆದರೆ ಅದರ ಬಹುಪಾಲು ಪುಲ್ಲರ್, ಕ್ಲಚ್ ಹಿಡಿಯುವ ಟೂಲ್, ಒಳ್ಳೆಯ ಸಾಕೆಟ್ ಸೆಟ್ಟು ಅಂತ ಹೊರಟುಹೋಗುತ್ತದೆ. ಲಾಭ ಇರುವುದು ಇನ್ನೊಂದು ಕಡೆ. ಯಾವ ಭಾಗಕ್ಕೆ ದುಡ್ಡು ಸುರಿಯಬೇಕು, ಯಾವುದನ್ನು ಮುಂದಕ್ಕೆ ಹಾಕಬಹುದು ಅನ್ನುವ ತೀರ್ಮಾನ ನಮ್ಮ ಕೈಗೆ ಬರುತ್ತದೆ.

ನನ್ನ ಹತ್ತಿರ ಇರುವುದು ಸೋದರಮಾವ ಓಡಿಸುತ್ತಿದ್ದ ಎಂಬತ್ತರ ದಶಕದ ರೋಡ್‌ಕಿಂಗ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಇವತ್ತು ಸಿಗುವುದು ಯಾರದೋ ಅಂಗಡಿಯ ಅಟ್ಟದಲ್ಲಿ ಉಳಿದ ಹಳೇ ಸ್ಟಾಕ್, ಗುಜರಿಯಲ್ಲಿ ಆರಿಸಿದ ಮಾಲು, ಇಲ್ಲವೇ ಆಮೇಲೆ ಬೇರೆಯವರು ಮಾಡಿದ ಪಾರ್ಟು. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಮತ್ತೆ ಬಂದವಲ್ಲ, ಅಲ್ಲಿಂದ ತರಬಹುದಲ್ಲ ಅನ್ನುವವರಿದ್ದಾರೆ. ಹೊಸದು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್, ಹಳೆಯದು ಗಾಳಿಯಲ್ಲಿ ತಣಿಯುವ ಟೂ ಸ್ಟ್ರೋಕ್. ಹೆಸರೊಂದೇ ಹೊಂದುವುದು.

ಈ ಎಂಜಿನ್ನಿನ ರಚನೆ ಗೊತ್ತಿದ್ದರೆ ಖರ್ಚಿನ ಲೆಕ್ಕ ತಾನಾಗಿ ಅರ್ಥವಾಗುತ್ತದೆ. 65 ಮಿ.ಮೀ. ಬೋರು, 75 ಮಿ.ಮೀ. ಸ್ಟ್ರೋಕು, ನಾಲ್ಕು ಗೇರು. ಕ್ರ್ಯಾಂಕ್ ಮತ್ತು ಗೇರ್‌ಬಾಕ್ಸ್ ಎರಡೂ ಒಂದೇ ಕೇಸಿನೊಳಗೆ, ನಡುವೆ ಒಂದು ಗೋಡೆ. ಆ ಕೇಸು ನಿಂತ ಹಾಗೇ ಎಡ-ಬಲ ಎರಡು ಹೋಳಾಗುತ್ತದೆ. ಒಳಗಿನ ಒಂದು ಸಣ್ಣ ಬೇರಿಂಗ್ ಬದಲಿಸಬೇಕಾದರೂ ಎಡಗಡೆ ಕ್ಲಚ್ಚು, ಪ್ರೈಮರಿ ಚೈನು, ಬಲಗಡೆ ಡೈನಮೊ, ಮೇಲೆ ಹೆಡ್ಡು, ಬ್ಯಾರೆಲ್ಲು, ಪಿಸ್ಟನ್ನು ಎಲ್ಲ ಕಳಚಲೇಬೇಕು.

ಅದಕ್ಕೇ ನಾನು ಬಿಡಿಭಾಗದ ಮೇಲಿನ ಬೆಲೆಯನ್ನು ಕೊನೆಗೆ ನೋಡುತ್ತೇನೆ. ಮೊದಲು ನೋಡುವುದು ಅದನ್ನು ಮುಟ್ಟಲು ಏನೇನು ಬಿಚ್ಚಬೇಕು ಅನ್ನುವುದನ್ನು. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲ್ ತೆಗೆದುಕೊಳ್ಳಿ. ಇಡೀ ಬಿಲ್ಲಿನಲ್ಲಿ ಕಣ್ಣಿಗೇ ಬೀಳದ ಮೊತ್ತ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲ್ ಮಿಶ್ರಣ ಕ್ರ್ಯಾಂಕ್ ಕೇಸಿನ ಮೂಲಕವೇ ಹಾದು ಮೇಲೇರಬೇಕು, ಹಾಗಾಗಿ ಅಲ್ಲಿ ಗಾಳಿ ಆಡಬಾರದು. ಕ್ಲಚ್ ಕಡೆಯ ಸೀಲ್ ಹೋದರೆ ಎಂಜಿನ್ನು ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ, ಬೀದಿಯೆಲ್ಲ ಹೊಗೆ. ಡೈನಮೊ ಕಡೆಯದು ಹೋದರೆ ಹೊರಗಿನ ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಪಿಸ್ಟನ್ ಕಾದು ಸೀಜ್ ಆಗುವ ಅಪಾಯ. ಅಲ್ಲಿಗೆ ಹೊಸ ಪಿಸ್ಟನ್ನು, ಹೊಸ ಬೋರಿಂಗು, ಇನ್ನೊಮ್ಮೆ ಎಲ್ಲ ಬಿಚ್ಚುವ ಕೆಲಸ. ಅತಿ ಅಗ್ಗದ ಭಾಗದಲ್ಲಿ ಚೌಕಾಸಿ ಮಾಡಿದವನು ಅತಿ ದುಬಾರಿ ಬಿಲ್ ಕಟ್ಟುತ್ತಾನೆ. ಕೇಸು ಒಮ್ಮೆ ತೆರೆದ ಮೇಲೆ ಸೀಲು, ಬೇರಿಂಗು, ಪ್ಯಾಕಿಂಗು, ಪಿಸ್ಟನ್ ಪಿನ್ನಿನ ಲಾಕು ಇಷ್ಟೂ ಹೊಸದು. ಹಳೆಯದು ಚೆನ್ನಾಗಿ ಕಂಡರೂ ಹೊಸದೇ. ಮುಖ್ಯ ಬೇರಿಂಗ್ ಕೊಳ್ಳುವಾಗ ಹೆಸರಾಂತ ಕಂಪನಿಯದನ್ನು ಬಿಲ್ ಸಮೇತ ಕೊಳ್ಳಿ. ನಕಲಿ ಡಬ್ಬಿಗಳು ಮಾರುಕಟ್ಟೆಯಲ್ಲಿ ಧಾರಾಳವಾಗಿವೆ.

ಇನ್ನು ಕ್ರೋಮಿಂಗು, ಪೇಂಟು, ಸೀಟು, ಸೈಲೆನ್ಸರ್ ಜೋಡಿ. ಇವು ಸಾವಿರಗಟ್ಟಲೆ ನುಂಗುತ್ತವೆ, ಆದರೆ ಯಾವ ಭಾನುವಾರ ಬೇಕಾದರೂ ನಾಲ್ಕು ಬೋಲ್ಟ್ ಬಿಚ್ಚಿ ಬದಲಿಸಬಹುದು. ಬಹುತೇಕರು ಇದನ್ನು ತಲೆಕೆಳಗು ಮಾಡುತ್ತಾರೆ. ಟ್ಯಾಂಕ್ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ, ಒಳಗೆ ತುಕ್ಕು ಬೇರಿಂಗು ಗೊರಗೊರ ಅನ್ನುತ್ತಿರುತ್ತದೆ. ಅಂಥ ಗಾಡಿಗಳು ಮಾರಾಟಕ್ಕೆ ಬಂದಾಗ ಒಳ್ಳೆಯ ರೇಟು ಪಡೆಯುತ್ತವೆ ಅನ್ನುವುದು ಬೇರೆ ಮಾತು. ಕೊಳ್ಳುವವರು ಎಚ್ಚರವಿರಲಿ.

ಎರಡು ಕೆಲಸಗಳನ್ನು ಮಾತ್ರ ಮನೆಯಲ್ಲಿ ಮಾಡಲು ಹೋಗಬೇಡಿ. ಒಂದು ಬೋರಿಂಗ್. ಅದಕ್ಕೂ ಒಂದು ಕ್ರಮವಿದೆ. ಓವರ್‌ಸೈಜ್ ಪಿಸ್ಟನ್ ಮೊದಲು ಕೈಗೆ ಬರಬೇಕು, ಲೇತ್‌ನವರು ಅದನ್ನು ಅಳೆದು ಆಮೇಲೆ ಬ್ಯಾರೆಲ್ ಕೊರೆಯಬೇಕು. ಮೊದಲೇ ಕೊರೆಸಿಟ್ಟುಕೊಂಡರೆ ಆ ಅಳತೆಯ ಪಿಸ್ಟನ್ ಹುಡುಕುತ್ತಾ ಬೆಂಗಳೂರಿನ ಜೆ.ಸಿ. ರಸ್ತೆ ಸುತ್ತಬೇಕಾಗುತ್ತದೆ, ಸಿಕ್ಕವನು ಹೇಳಿದ್ದೇ ಬೆಲೆ. ಇನ್ನೊಂದು, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಹಾಕಿಸುವುದು. ಪ್ರೆಸ್ಸಿನಲ್ಲಿ ಒತ್ತಿ ಕೂಡಿಸಿದ ಕ್ರ್ಯಾಂಕ್ ಅದು, ಡಯಲ್ ಗೇಜ್ ಹಿಡಿದು ಓಟ ಸರಿಪಡಿಸಬೇಕು. ಈ ಎರಡಕ್ಕೆ ಕೊಟ್ಟ ದುಡ್ಡನ್ನು ನಾನು ಖರ್ಚು ಅಂತ ಬರೆದುಕೊಂಡೇ ಇಲ್ಲ, ವಿಮೆ ಅಂತ ಬರೆದುಕೊಂಡೆ.

ಉಳಿದದ್ದಕ್ಕೆ ಬೇಕಾಗುವುದು ತಾಳ್ಮೆ. ಕೇಸನ್ನು ಹಾಟ್‌ಪ್ಲೇಟ್ ಮೇಲೆ ಕಾಯಿಸಿ, ನೀರಿನ ಹನಿ ಚುಂಯ್ ಅನ್ನುವಷ್ಟು ಬಿಸಿಯಾದಾಗ ಫ್ರೀಜರ್‌ನಲ್ಲಿಟ್ಟಿದ್ದ ಬೇರಿಂಗನ್ನು ಇಟ್ಟರೆ ಸುತ್ತಿಗೆಯಿಲ್ಲದೆ ಕೂರುತ್ತದೆ. (ಫ್ರೀಜರ್ ಯಾರ ಅಧೀನದಲ್ಲಿದೆಯೋ ಅವರ ಅನುಮತಿ ಮೊದಲೇ ಪಡೆಯಿರಿ.) ಗೇರ್ ಶಾಫ್ಟಿನ ವಾಷರ್‌ಗಳು ಎಲ್ಲಿಂದ ಬಂದವೋ ಅಲ್ಲಿಗೇ ಹೋಗಬೇಕು, ಬಿಚ್ಚುವಾಗ ಮೊಬೈಲಿನಲ್ಲಿ ತೆಗೆದ ಫೋಟೊಗೆ ಕಾಸಿಲ್ಲ. ಕೇಸು ಮುಚ್ಚಿ ಬಿಗಿ ಮಾಡುವ ಮೊದಲು ಶಾಫ್ಟನ್ನು ಕೈಯಲ್ಲಿ ತಿರುಗಿಸಿ ನಾಲ್ಕೂ ಗೇರ್ ಹಾಕಿ ನೋಡಿ. ಈ ಗಾಡಿಯಲ್ಲಿ ಕಿಕ್ಕರ್, ಗೇರ್ ಲಿವರ್ ಎರಡೂ ಒಂದೇ ಆದ್ದರಿಂದ ಕಿಕ್ ಸ್ಪ್ರಿಂಗ್ ಸರಿಯಾಗಿ ಕೂತಿದೆಯೇ ಅನ್ನುವುದನ್ನೂ ಅಲ್ಲೇ ಖಚಿತಪಡಿಸಿಕೊಳ್ಳಿ.

ಇದನ್ನು ಹೂಡಿಕೆ ಅಂತ ಕರೆಯುವವರ ಜತೆ ನಾನು ವಾದಕ್ಕೆ ಇಳಿಯುವುದಿಲ್ಲ, ಒಪ್ಪುವುದೂ ಇಲ್ಲ. ಸ್ವಂತ ಬಳಕೆಯ ಬೈಕ್ ಮಾರಿ ಲಾಭ ಬಂದರೆ ಅದಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ, ನಿಜ. ಆದರೆ ಖರ್ಚಿಗೆ ಹಾಕಿದ್ದು ಪೂರ್ತಿ ಹಿಂದಿರುಗುತ್ತದೆಂಬ ಭರವಸೆ ಯಾರೂ ಕೊಡಲಾರರು. ಮನೆಯ ಬಜೆಟ್ಟಿನಲ್ಲಿ ಇದರ ಜಾಗ ಹವ್ಯಾಸದ ಸಾಲಿನಲ್ಲಿ, ಒಂದು ಮಿತಿಯೊಳಗೆ.

ಸ್ಪ್ಯಾನರ್ ಎತ್ತುವ ಮೊದಲು ಆರ್.ಸಿ. ತೆಗೆದು ಅವಧಿ ನೋಡಿ. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಬೇಕು. 20 ವರ್ಷ ಮೀರಿದ ಬೈಕಿಗೆ 2025ರ ಆಗಸ್ಟ್‌ನಲ್ಲಿ ಆ ಶುಲ್ಕ 2,000 ರೂಪಾಯಿಗೆ ಏರಿತು. ಹಸಿರು ತೆರಿಗೆ, ಥರ್ಡ್ ಪಾರ್ಟಿ ವಿಮೆ ಬೇರೆ. 50 ವರ್ಷ ದಾಟಿದ್ದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು, ಹೊಸ ನೋಂದಣಿಗೆ 20,000 ರೂಪಾಯಿ, ಆಮೇಲೆ ದಿನನಿತ್ಯ ಓಡಿಸುವಂತಿಲ್ಲ. ಎಲ್ಲಕ್ಕಿಂತ ದೊಡ್ಡ ಹೊಡೆತ ತಡ ಮಾಡಿದ್ದಕ್ಕೆ ಬೀಳುವ ಹೆಚ್ಚುವರಿ ಶುಲ್ಕ. ಕೇಂದ್ರದ ನಿಯಮದಲ್ಲಿ ಅದು ಬೈಕಿಗೆ ತಿಂಗಳಿಗೆ 300 ರೂಪಾಯಿ. ಅವಧಿ ಮುಗಿದು ಐದು ವರ್ಷ ಮೂಲೆಯಲ್ಲಿ ನಿಂತ ಗಾಡಿಗೆ ಇದೊಂದೇ 18,000 ರೂಪಾಯಿ. ಆರ್‌ಟಿಒ ಕಚೇರಿಗೆ ಹೋಗಿ ಬಾಕಿಯ ಲೆಕ್ಕ ಬರೆಸಿಕೊಂಡು ಬನ್ನಿ, ಪಿಸ್ಟನ್ನಿಗೆ ಮುಂಗಡ ಕೊಡುವುದು ಆಮೇಲೆ.