ಬಿರುಕು ಬಿಟ್ಟ ಹಲ್ಲು

ಹಲ್ಲಿನ ಹೊರಪದರಕ್ಕೆ ಎನಾಮಲ್ ಎನ್ನುತ್ತಾರೆ. ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಗಟ್ಟಿಯಾದುದು ಅದೇ. ಆದರೂ ಮಂಜುಗಡ್ಡೆ ಕಡಿದರೆ, ಹಲ್ಲಿನಿಂದ ಬಾಟಲಿಯ ಮುಚ್ಚಳ ತೆಗೆದರೆ ಹಲ್ಲು ಬಿರುಕು ಬಿಡಬಹುದು. ಮುರಿದ ಎಲುಬು ಮತ್ತೆ ಕೂಡುತ್ತದೆ. ಬಿರುಕು ಬಿಟ್ಟ ಹಲ್ಲು ತಾನಾಗಿ ಕೂಡುವುದಿಲ್ಲ.

ಅಗಿಯುವಾಗ ಚುಳುಕ್ಕೆಂದು ನೋವಾಗುತ್ತದೆಯೇ? ತಣ್ಣೀರು ಕುಡಿದರೆ ಜುಮ್ಮೆನ್ನುತ್ತದೆಯೇ? ಮನೆಯಲ್ಲಿ ಹೇಳಿರಿ. ನೋವು ನಿಂತಿತೆಂದು ಸುಮ್ಮನಿರಬೇಡಿರಿ, ಬಿರುಕು ಬೆಳೆಯುತ್ತದೆ.

ದಂತವೈದ್ಯರು ಕನ್ನಡಿ ಹಿಡಿದು, ಬೆಳಕು ಬಿಟ್ಟು ನೋಡುತ್ತಾರೆ. ಒಂದೊಂದೇ ಹಲ್ಲಿನಿಂದ ಕಚ್ಚಿಸಿ, ನೋಯುವ ಹಲ್ಲನ್ನು ಗುರುತಿಸುತ್ತಾರೆ. ಸಣ್ಣ ಬಿರುಕು ಎಕ್ಸ್‌ರೇಯಲ್ಲಿಯೂ ಕಾಣದಿರಬಹುದು. ಹಲ್ಲು ಗಟ್ಟಿಯಿದ್ದರೆ ಅದಕ್ಕೆ ಟೊಪ್ಪಿಗೆಯಂತಹ ಕ್ಯಾಪ್ ಹಾಕುತ್ತಾರೆ. ಬಿರುಕು ಒಳಗಿನ ನರಕ್ಕೆ ತಾಗಿದ್ದರೆ ಬೇರಿನ ಚಿಕಿತ್ಸೆ ಮಾಡುತ್ತಾರೆ. ಹಲ್ಲು ಬೇರಿನವರೆಗೆ ಸೀಳಿದ್ದರೆ ಕೀಳಬೇಕಾಗುತ್ತದೆ.

ಉತ್ತರಿಸಿರಿ:
1. ಹಲ್ಲು ಏಕೆ ಬಿರುಕು ಬಿಡುತ್ತದೆ?
2. ಹಲ್ಲು ನೋಯುವಾಗ ತಡಮಾಡಬಾರದು, ಏಕೆ?