ಇಂಗ್ಲಿಷಿನ ‘ಏ’ ಎಲ್ಲಿದೆ?

ಪ್ರಾರ್ಥನೆ ಹೊತ್ತಿನಲ್ಲಿ ಇಂಗ್ಲಿಷ್ ಹೇಳುವಾಗ ನಾವು ಮಗ್ಗಿ ಒಪ್ಪಿಸಿದ ಹಾಗೆ ಒಂದೇ ರಾಗದಲ್ಲಿ ಮುಗಿಸಿಬಿಡ್ತೇವೆ. ಶಬ್ದ ಸರಿಯಿದ್ದರೂ ಕೇಳುವವರಿಗೆ ಅರ್ಥ ಆಗಲ್ಲ.

ಕನ್ನಡದಲ್ಲಿ ಒತ್ತಿ ಹೇಳಲು ‘ಏ’ ಸೇರಿಸ್ತೇವೆ: ನಾನೇ, ನಿನ್ನದೇ, ಪೆನ್ನೇ. ಇಂಗ್ಲಿಷಿನಲ್ಲಿ ಅಂಥ ಪ್ರತ್ಯಯವಿಲ್ಲ. ಆ ಕೆಲಸವನ್ನು ಹೆಚ್ಚಾಗಿ ದನಿ ಮಾಡಬೇಕು. ‘ಐ ಡಿಡಂಟ್ ಟೇಕ್ ಯುವರ್ ಪೆನ್’ ಎಂಬ ವಾಕ್ಯ ನೋಡಿ. ‘ಐ’ ಒತ್ತಿದರೆ, ತೆಗೆದವರು ಬೇರೆ ಯಾರೋ. ‘ಯುವರ್’ ಒತ್ತಿದರೆ, ಇನ್ನೊಬ್ಬರ ಪೆನ್ನು ತೆಗೆದಿರಬಹುದು ಅನಿಸುತ್ತೆ. ‘ಪೆನ್’ ಒತ್ತಿದರೆ, ಬೇರೇನೋ ತೆಗೆದಿದ್ದಾನೆ ಅಂತ ಅನುಮಾನ. ಏನೂ ಮಾಡದವನೂ ಸಿಕ್ಕಿಬೀಳಬಹುದು!

ಒತ್ತು ಅಂದರೆ ಕಿರುಚುವುದಲ್ಲ. ಆ ಶಬ್ದವನ್ನು ತುಸು ಎಳೆದು, ದನಿ ಏರಿಸಿ, ಉಳಿದದ್ದನ್ನು ಹಗುರವಾಗಿ ಹೇಳುವುದು. ದಿನಾ ಹಾಜರಿಗೆ ಹೇಳುವ ‘ಪ್ರೆಸೆಂಟ್’ನಲ್ಲಿ ಒತ್ತು ‘ಪ್ರೆ’ ಮೇಲೆ. ‘ಸೆಂಟ್’ ಒತ್ತಿದರೆ ‘ಅರ್ಪಿಸು’ ಅಂತ ಅರ್ಥ.

ಕೈಕಟ್ಟಿ ನಿಲ್ಲುವುದು ನಮ್ಮಲ್ಲಿ ಮರ್ಯಾದೆ, ಸರಿ. ಆದರೆ ಎದೆ ಬಿಗಿದರೆ ಉಸಿರು ಸಾಲದು. ಮೇಷ್ಟ್ರು ಒಪ್ಪಿದರೆ ಕೈ ಬಿಟ್ಟು, ಕೊನೆ ಸಾಲಿನವರನ್ನು ನೋಡಿ ಮಾತಾಡಿ. ಒತ್ತುವ ಶಬ್ದಕ್ಕೆ ಮಾತ್ರ ಕೈ ತುಸು ಆಡಲಿ. ಮೊದಲು ಪೆನ್ನಿನ ವಾಕ್ಯವನ್ನು ಪಕ್ಕದವರಿಗೆ ಹೇಳಿ. ಯಾವ ಅರ್ಥ ಅಂತ ಅವರು ಗುರುತಿಸಲಿ.